ನಾಲ್ಕು ತಾಲ್ಲೂಕು, ಮೂರು ಅಲೆ, ಒಂದು ಹಗ್ಗದ ಮಂಚ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂಬ ತಾಲ್ಲೂಕು ಚತುಷ್ಟಯದಲ್ಲಿ ಸಿಡಿಲಿಗೊಬ್ಬ ದೇವರಿದ್ದಾನೆ: ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನ. ಭೂಕಂಪಕ್ಕೆ ಯಾರೂ ಇಲ್ಲ. ಹೀಗಾಗಿ ನಮ್ಮಲ್ಲಿ ನೆಲ ನಡುಗಿದರೆ ಹೊಣೆಯೆಲ್ಲ ಲಾರಿಯ ತಲೆಗೆ. ಈ ದರ್ಶನವನ್ನು ಪ್ರಸ್ತುತ ಪ್ರಬಂಧವು ‘ಲಾರಿವಾದ’ ಎಂದು ಕರೆಯುತ್ತದೆ.

ಮೊದಲು ಪೂರ್ವಪಕ್ಷ. ಹೊಗೆಸೊಪ್ಪಿನ ಲಾರಿ, ಕಬ್ಬಿನ ಟ್ರ್ಯಾಕ್ಟರ್, ಕ್ವಾರಿಯ ಸಿಡಿಮದ್ದು, ಈ ಮೂರರಲ್ಲೇ ಜಗತ್ತಿನ ಸಮಸ್ತ ಕಂಪನವೂ ಅಡಗಿದೆ ಎಂಬುದು ಲಾರಿವಾದಿಗಳ ಮತ. 2002ರ ಭಾರತೀಯ ಮಾನಕದ ನಕ್ಷೆಯಲ್ಲಿ ಮೈಸೂರು ಜಿಲ್ಲೆ ಅತಿ ಕಡಿಮೆ ಅಪಾಯದ ಎರಡನೇ ವಲಯದಲ್ಲಿತ್ತು ಎಂಬುದು ಅವರ ಬ್ರಹ್ಮಾಸ್ತ್ರ.

ಇದಕ್ಕೆ ಖಂಡನೆ: 2022ರ ಜೂನ್ 23, ಬೆಳಗಿನ ಜಾವ ನಾಲ್ಕೂವರೆ ದಾಟಿತ್ತು. ಹೊಳೆನರಸೀಪುರ ತಾಲ್ಲೂಕಿನ ಮಲುಗನಹಳ್ಳಿ ಬಳಿ 3.4 ತೀವ್ರತೆಯ ಕಂಪನ. ಅಲ್ಲಿಂದ ಕೆ.ಆರ್. ನಗರಕ್ಕೆ 40 ಕಿ.ಮೀ. ಎಂದಿಟ್ಟುಕೊಳ್ಳೋಣ. ಅಳತೆಯ ಉಪಕರಣ ಹಗ್ಗದ ಮಂಚ. ಅದರ ಮೇಲೆ ಒಬ್ಬ ಗೃಹಸ್ಥ, ಕಾಲ್ಪನಿಕ.

ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುವ ಪ್ರಾಥಮಿಕ ಅಲೆ ಏಳನೇ ಸೆಕೆಂಡಿಗೆ ಹಾಜರು. ಹುಣಸೂರಿನ ಬಸ್ಸಿನಲ್ಲಿ ಹಿಂಬಾಗಿಲಿನವನು ತಳ್ಳಿದ್ದು ಒಬ್ಬರಿಂದೊಬ್ಬರಿಗೆ ದಾಟಿ ಡ್ರೈವರನ ಬೆನ್ನಿಗೆ ತಲುಪುತ್ತದಲ್ಲ, ಹಾಗೆಯೇ ಇದು. ನಿಂತವರು ನಿಂತಲ್ಲೇ ಹಿಂದೆಮುಂದೆ ಆಡುತ್ತಾರೆ, ಮುಂದೆ ಸಾಗುವುದು ತಳ್ಳು ಮಾತ್ರ. ಗೃಹಸ್ಥ: “ಯಾರ್ಲಾ ಅದು ಮಂಚ ಅಲ್ಲಾಡ್ಸಿದ್ದು?” ಗೃಹಿಣಿ: “ಲಾರಿ ಹೋಯ್ತು, ಮನೀಕಳಿ.” ಮಾತು ಮುಗಿಯುವ ಹೊತ್ತಿಗೆ, ಅಂದರೆ ಮತ್ತೆ ನಾಲ್ಕೈದು ಸೆಕೆಂಡಿಗೆ, ದ್ವಿತೀಯಕ ಅಲೆ ಬರುತ್ತದೆ. ಇದರ ವೇಗ ಸುಮಾರು 3.5 ಕಿ.ಮೀ., ಆದರೆ ಸಾಗುವ ದಾರಿಗೆ ಅಡ್ಡಲಾಗಿ ನೆಲವನ್ನು ಕುಲುಕುವುದರಿಂದ ಪೆಟ್ಟು ಜೋರು. ಕೊನೆಗೆ ಮೇಲ್ಮೈ ಅಲೆಗಳು. ದೊಡ್ಡ ಭೂಕಂಪಗಳಲ್ಲಿ ಮನೆ ಕೆಡಹುವ ಕೆಲಸ ಹೆಚ್ಚಾಗಿ ಇವುಗಳದೇ, 3.4ರ ಕಂಪನದಲ್ಲಿ ಇವು ಮಂಚದ ಗಮನಕ್ಕೂ ಬರುವುದಿಲ್ಲ.

ಈ ಮೂರನ್ನೂ ದಾಖಲೆಗಳಲ್ಲಿ ಮೊದಲು ಬೇರ್ಪಡಿಸಿ ಗುರುತಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಆರ್.ಡಿ. ಓಲ್ಡ್‌ಹ್ಯಾಮ್, 1897ರ ಅಸ್ಸಾಂ ಭೂಕಂಪವನ್ನು ಅಭ್ಯಸಿಸುತ್ತ. ಅವರು ಹಗ್ಗದ ಮಂಚ ಬಳಸಿದ ಉಲ್ಲೇಖವಿಲ್ಲ. ಆ ಅಧ್ಯಯನದ ದೊಡ್ಡ ಲೋಪವಿದು.

ಇಲ್ಲಿ ಎಚ್.ಡಿ. ಕೋಟೆ ಪಂಥದವರ ಒಂದು ತಕರಾರು. ದ್ವಿತೀಯಕ ಅಲೆ ದ್ರವದೊಳಗೆ ಹಾಯುವುದಿಲ್ಲ ತಾನೆ? ಹಾಗಾದರೆ ಕಬಿನಿ ಹಿನ್ನೀರಿನ ಆಚೆ ದಡದವರು ಬಚಾವು! ವಾದ ಸೊಗಸಾಗಿದೆ, ಆದರೆ ಹಿನ್ನೀರು ಕೆಲವೇ ಹತ್ತು ಮೀಟರ್ ಆಳ. ಅಲೆ ಅದರ ಅಡಿಯ ಬಂಡೆಯಲ್ಲಿ ಆರಾಮವಾಗಿ ದಾಟಿ ಹೋಗುತ್ತದೆ. ಅದನ್ನು ನಿಜವಾಗಿ ತಡೆಯುವ ದ್ರವ ಇರುವುದು 2,900 ಕಿ.ಮೀ. ಕೆಳಗೆ, ಭೂಮಿಯ ಹೊರ ತಿರುಳಿನಲ್ಲಿ. ದೂರದ ಭೂಕಂಪಗಳ ಈ ಅಲೆ ಭೂಮಿಯ ಮತ್ತೊಂದು ಬದಿಯಲ್ಲಿ ಕಾಣಿಸದೆ ಹೋದದ್ದರಿಂದಲೇ ತಿರುಳು ದ್ರವವೆಂದು ಗೊತ್ತಾಯಿತು. ಕೊಳವೆಬಾವಿಗೆ ಜಾಗ ತೋರಿಸುವ ನಮ್ಮ ತೆಂಗಿನಕಾಯಿ ತಜ್ಞರು ಇಷ್ಟು ಆಳಕ್ಕೆ ಇಳಿದದ್ದಿಲ್ಲ.

ಆದರೂ ಕೋಟೆಯವರು ಬೀಗಬಹುದು. ಹಿಂದೆ ಅವರ ತಾಲ್ಲೂಕಿನಲ್ಲೇ ಇದ್ದ ಸರಗೂರಿನ ಹೆಸರಲ್ಲಿ 300 ಕೋಟಿ ವರ್ಷಕ್ಕೂ ಹಳೆಯ ಶಿಲಾಸಮೂಹವೇ ಇದೆ. ಇಂಥ ಹಳೆಯ, ಗಟ್ಟಿ, ತಣ್ಣಗಿನ ನೆಲದಲ್ಲಿ ಅಲೆಯ ಕಸುವು ಬೇಗ ಕುಂದದು. ಸಣ್ಣ ಕಂಪನವೂ ದೂರದವರೆಗೆ ಕೇಳಿಸುತ್ತದೆ. ಹೊಳೆನರಸೀಪುರದ ಜಗಳಕ್ಕೆ ನಗರದವರ ನಿದ್ದೆ ಕೆಡುವುದು ಹೀಗೆ.

ಲಾರಿವಾದಿಗಳಲ್ಲಿ ಒಂದು ವಿನಂತಿ. ಮುಂದಿನ ಸಲ ಮಂಚ ಅಲುಗಿದಾಗ ಡ್ರೈವರನನ್ನು ಬೈಯುವ ಮೊದಲು, ಮೊದಲ ಅಲುಗಾಟಕ್ಕೂ ಎರಡನೆಯದಕ್ಕೂ ನಡುವಿನ ಸೆಕೆಂಡುಗಳನ್ನು ಎಣಿಸಿ ಎಂಟರಿಂದ ಗುಣಿಸಿ. ಭೂಕಂಪ ಎಷ್ಟು ಕಿಲೋಮೀಟರ್ ದೂರದಲ್ಲಾಯಿತೆಂದು ಅಂದಾಜು ಸಿಗುತ್ತದೆ. ಉತ್ತರ ಸೊನ್ನೆ ಬಂದರೆ ಅದು ಲಾರಿಯೇ.