ಹತ್ತು ಗಂಟೆಯ ಗಂಜಿ

‘ಬ್ರಂಚ್ ಇಟ್ಟುಕೊಳ್ಳೋಣ’ ಎಂದು ವಾಟ್ಸಾಪ್ ಗುಂಪಿನಲ್ಲಿ ಮೊದಲು ಬರೆದವನು ಬಾಂಬೆಯವನು. ಊರಿನ ಹೆಸರು ಮುಂಬಯಿಯಾಗಿ ಎಷ್ಟೋ ವರ್ಷವಾದರೂ ಅವನಿಗೆ ಅದು ಬಾಂಬೆಯೇ, ನಮಗೂ ಅವನು ಬಾಂಬೆಯವನೇ. ನಾವೆಲ್ಲ 1985ರಲ್ಲಿ ಎಸ್ಸೆಸ್ಸೆಲ್ಸಿ ಬರೆದವರು. ನಲವತ್ತು ವರ್ಷ ತುಂಬಿದ ನೆಪದಲ್ಲಿ ಮೇ ತಿಂಗಳ ಒಂದು ಭಾನುವಾರ ಕಾಯ್ಕಿಣಿಯಲ್ಲಿ ಸೇರುವುದೆಂದು ಠರಾವಾಗಿತ್ತು. ಎಲ್ಲಿ, ಯಾವಾಗ ಎಂಬುದರಲ್ಲಿ ಯಾರದ್ದೂ ತಕರಾರಿರಲಿಲ್ಲ. ತಕರಾರು ಹುಟ್ಟಿದ್ದು ಈ ಒಂದೂವರೆ ಅಕ್ಷರದ ಶಬ್ದದಿಂದ.

‘ಅದು ಮೀನಿಂದಾ, ಸಸ್ಯಾಹಾರದ್ದಾ?’ ಎಂದು ಒಬ್ಬ ಕೇಳಿದ. ‘ಬ್ರಾಂಚ್ ಅಂತ ಬರೆಯೂಕೆ ಹೋಗಿ ತಪ್ಪಿದ್ದ, ಬ್ಯಾಂಕಿನವ ಅಲ್ದಾ’ ಎಂದು ಇನ್ನೊಬ್ಬ ಸಮಜಾಯಿಷಿ ಕೊಟ್ಟ. ತಿಂಡಿಯೂ ಅಲ್ಲದ, ಊಟವೂ ಅಲ್ಲದ, ಎರಡರ ನಡುವಿನ ಹೊತ್ತಿನಲ್ಲಿ ಉಣ್ಣುವ ಪದಾರ್ಥ ಅದು ಎಂದು ಬಾಂಬೆಯವನು ವಿವರಿಸಿದ ಮೇಲೆ ಗುಂಪು ಅರ್ಧ ದಿನ ಮೌನವಾಗಿತ್ತು. ಸಂಜೆ ಮೊದಲ ಬೆಂಚಿನವಳು ಒಂದೇ ಸಾಲು ಬರೆದಳು: ‘ಹತ್ತು ಗಂಟೆ ಗಂಜಿ ಅಂತ ಹೇಳೂಕೆ ಇಷ್ಟು ಇಂಗ್ಲಿಷ್ ಯಾಕೆ?’

ಅಲ್ಲಿಗೆ ಠರಾವು ಪಾಸಾಯಿತು. ಅವಳು ಈಗ ಶಾಲೆಯಲ್ಲಿ ಅಕ್ಕೋರು. ಅಕ್ಕೋರು ಹೇಳಿದ ಮೇಲೆ ನಮ್ಮ ಕಡೆ ತಿದ್ದುಪಡಿ ಇರುವುದಿಲ್ಲ.

ಇಲ್ಲಿ ಒಂದು ಮಾತು. ಯಾರ ಹೆಸರನ್ನೂ ನಾನು ಬರೆಯುತ್ತಿಲ್ಲ. ಊರು ಚಿಕ್ಕದು, ಕೆಲವರ ಮನೆಗೆ ಅಳಿಯಂದಿರು ಬಂದಿದ್ದಾರೆ, ಇಬ್ಬರು ಪಂಚಾಯ್ತಿ ಚುನಾವಣೆಯ ಮೇಲೆ ಕಣ್ಣಿಟ್ಟಿದ್ದಾರೆ.

ಆಮೇಲೆ ನಾನು ಕುತೂಹಲಕ್ಕೆ ಹುಡುಕಿ ನೋಡಿದೆ. 1895ರಲ್ಲಿ ಗೈ ಬೆರಿಂಜರ್ ಎಂಬ ಇಂಗ್ಲಿಷ್ ಲೇಖಕನೊಬ್ಬ ಈ ಬ್ರಂಚಿನ ಪರವಾಗಿ ವಕಾಲತ್ತು ವಹಿಸಿ ಒಂದು ಪ್ರಬಂಧವನ್ನೇ ಬರೆದಿದ್ದಾನೆ. ಶನಿವಾರ ರಾತ್ರಿ ಮೋಜು ಮಾಡಿ ತಡವಾಗಿ ಮಲಗಿದವನು ಭಾನುವಾರ ತಡವಾಗಿ ಎದ್ದು ಒಮ್ಮೆಲೇ ಉಣ್ಣಲಿ, ಪಾಪ, ಎಂಬುದು ಅವನ ವಾದದ ತಿರುಳು. ನಮ್ಮ ಗಂಜಿಯದ್ದು ಇದಕ್ಕೆ ತದ್ವಿರುದ್ಧ. ಕೋಳಿ ಕೂಗುವ ಮೊದಲೇ ಎದ್ದು, ಕೊಟ್ಟಿಗೆ ಬಳಿದು, ನೀರು ಸೇದಿ, ಗದ್ದೆಗೆ ಒಂದು ಸಲ ಹೋಗಿ ಬಂದವರ ಹೊಟ್ಟೆಗೆ ಹತ್ತು ಗಂಟೆಗೆ ಬೀಳುವುದು ಅದು. ಅವನದ್ದು ತಡವಾಗಿ ಎದ್ದವರ ಊಟ, ನಮ್ಮದು ಬೇಗ ಎದ್ದವರ ಊಟ. ಎರಡೂ ಹೊಟ್ಟೆಗಳು ಒಂದೇ ಹೊತ್ತಿಗೆ ಹಸಿಯುತ್ತವೆ ಎಂಬುದಷ್ಟೇ ಸಾಮ್ಯ. ಪ್ರಬಂಧ ಬರೆದವನು ಬೆರಿಂಜರ್, ಗಂಜಿ ಬೇಯಿಸಿದವಳು ನಮ್ಮ ಅಮ್ಮ. ಯಾರಿಗೆ ಹೆಸರು ಬಂತು ಎಂದು ಬೇರೆ ಹೇಳಬೇಕಾಗಿಲ್ಲ.

ಹೆಸರಿನ ವಿಚಾರಕ್ಕೆ ಬಂದರೆ, ನಮ್ಮೂರಿನಷ್ಟು ಹೆಸರು ಮಾಡಿ ನಮ್ಮೂರಿನಷ್ಟು ಅಜ್ಞಾತವಾಗಿ ಉಳಿದ ಊರು ಇನ್ನೊಂದಿಲ್ಲ. ಬೆಂಗಳೂರಿನಲ್ಲಿ ನಾನು ‘ಕಾಯ್ಕಿಣಿಯವನು’ ಎಂದ ತಕ್ಷಣ ಎದುರಿನವರ ಮುಖ ಅರಳುತ್ತದೆ. ‘ಓ, ಮುಂಗಾರು ಮಳೆ!’ ಎನ್ನುತ್ತಾರೆ. ಅದು ಜಯಂತ ಕಾಯ್ಕಿಣಿಯವರು, ಅವರು ಹುಟ್ಟಿದ್ದು ಗೋಕರ್ಣದಲ್ಲಿ, ಅವರ ತಂದೆ ಗೌರೀಶ ಕಾಯ್ಕಿಣಿಯವರು ಬಾಳಿದ್ದೂ ಬರೆದದ್ದೂ ಗೋಕರ್ಣದಲ್ಲೇ, ನಾನು ಹೇಳುತ್ತಿರುವುದು ಭಟ್ಕಳ ತಾಲೂಕಿನ ಊರು ಎಂದು ಬಿಡಿಸಿ ಹೇಳುವಷ್ಟರಲ್ಲಿ ಅರಳಿದ ಮುಖ ಬಾಡಿರುತ್ತದೆ. ನಮ್ಮ ಕರಾವಳಿಯ ಸಾರಸ್ವತರು ಊರು ಬಿಟ್ಟು ಹೋಗುವಾಗ ಊರಿನ ಹೆಸರನ್ನು ಮಾತ್ರ ಬಿಡದೆ ಕಟ್ಟಿಕೊಂಡು ಹೋದವರು. ಕಾಯ್ಕಿಣಿ, ಬೈಲೂರು, ಮಂಕಿ, ಶಿರಾಲಿ, ಹಳದೀಪುರ, ಕುಮಟಾ ಎಂದು ಹೆದ್ದಾರಿಯ ಬಸ್ ಸ್ಟಾಪುಗಳೆಲ್ಲ ಮುಂಬಯಿಯಲ್ಲಿ ಮನುಷ್ಯರಾಗಿ ಓಡಾಡುತ್ತಿವೆ. ಊರಲ್ಲೇ ಉಳಿದವರಿಗೆ ಊರಿನ ಹೆಸರು ಬೇಕಾಗುವುದಿಲ್ಲ. ಅವರಿಗೆ ಊರೇ ಇದೆಯಲ್ಲ.

ಇರಲಿ. ನಾನು ರೈಲಿನಲ್ಲಿ ಬಂದಿಳಿದೆ. ನಾವು ಹೈಸ್ಕೂಲಿನಲ್ಲಿದ್ದಾಗ ರೈಲು ಎಂಬುದು ಪಾಠದಲ್ಲಿತ್ತು, ಗಣಿತದ ಲೆಕ್ಕಗಳಲ್ಲಿ ಎದುರುಬದುರಾಗಿ ಓಡುತ್ತಿತ್ತು, ಊರಿಗೆ ಮಾತ್ರ ಬಂದಿರಲಿಲ್ಲ. ಅರವತ್ತು ಮೈಲು ವೇಗದ ರೈಲು ಸೇತುವೆ ದಾಟಲು ಎಷ್ಟು ಹೊತ್ತು ಬೇಕು ಎಂದು ರೈಲನ್ನೇ ಕಾಣದ ನಾವು ಕರಾರುವಾಕ್ಕಾಗಿ ಹೇಳುತ್ತಿದ್ದೆವು. ಕೊಂಕಣ ರೈಲು ಪೂರ್ತಿ ದಾರಿಯಲ್ಲಿ ಓಡತೊಡಗಿದ್ದು 1998ರ ಜನವರಿ 26ರಿಂದ. ಅಷ್ಟರಲ್ಲಿ ನಮ್ಮ ಲೆಕ್ಕ ಮರೆತಿತ್ತು. ಬಾಂಬೆಯವನು ಮತ್ಸ್ಯಗಂಧದಲ್ಲಿ ಬಂದಿದ್ದ. ಮುರ್ಡೇಶ್ವರ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಕಡಲಿನ ಕಡೆ ಕೈಮುಗಿದನಂತೆ. ಅಲ್ಲಿ 123 ಅಡಿಯ ಶಿವ ಕೂತಿದ್ದಾನೆ, ಪಕ್ಕದಲ್ಲಿ ಇಪ್ಪತ್ತು ಅಂತಸ್ತಿನ ಗೋಪುರ ನಿಂತಿದೆ. ನಮ್ಮ ಕಾಲದಲ್ಲಿ ಕಂದುಕಗಿರಿ ಎಂದರೆ ಗುಡ್ಡ, ದೇವಸ್ಥಾನ, ಗಾಳಿ, ಅಷ್ಟೇ. ಪಿಕ್ನಿಕ್ಕಿಗೆ ಹೋದಾಗ ಗಾಳಿಗೆ ನನ್ನ ಟೊಪ್ಪಿ ಹಾರಿ ಸಮುದ್ರಕ್ಕೆ ಬಿದ್ದಿತ್ತು. ಈಗ ಆ ಜಾಗದಲ್ಲಿ ಸೆಲ್ಫಿ ತೆಗೆಯುವವರ ಸಾಲು ನಿಂತಿರುತ್ತದೆ.

ಗಂಜಿ ಏರ್ಪಾಡಾಗಿದ್ದದ್ದು ಅಂಗಡಿಯವನ ಮನೆಯ ಅಂಗಳದಲ್ಲಿ. ಅವನು ತಂದೆಯ ಕಿರಾಣಿ ಅಂಗಡಿಯನ್ನೇ ನಡೆಸಿಕೊಂಡು ಬಂದವನು. ಮಡ್ಲಿನ ಚಪ್ಪರ ಹಾಕಿಸಿದ್ದ. ಕೆಳಗೆ ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಗಳು. ಮೂವತ್ತೊಂದು ಮಂದಿ ಬಂದಿದ್ದೆವು. ಒಬ್ಬರನ್ನೊಬ್ಬರು ಗುರುತಿಸುವ ಕಾರ್ಯಕ್ರಮ ಅರ್ಧ ಗಂಟೆ ನಡೆಯಿತು. ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ, ಬೆನ್ನು ನೋಡಿದರೆ ಗೊತ್ತಾಗುತ್ತಿತ್ತು. ನಾನು ಕೊನೆಯ ಬೆಂಚಿನವನಾದ್ದರಿಂದ ಮೂರು ವರ್ಷ ಎಲ್ಲರ ಬೆನ್ನನ್ನೇ ಓದಿದ್ದೆ.

ಹುಡುಗಿಯರನ್ನು ಮಾತಾಡಿಸುವುದು ಇನ್ನೂ ಕಷ್ಟವಾಯಿತು. ಎಂಟರಿಂದ ಹತ್ತನೆಯ ಇಯತ್ತೆಯ ತನಕ ನಾವು ಅವರೊಡನೆ ಒಂದು ಮಾತನ್ನೂ ಆಡಿದವರಲ್ಲ. ಹಾಗಾಗಿ ನಲವತ್ತು ವರ್ಷದ ನಂತರ ಮರುಭೇಟಿ ಎನ್ನುವುದೇ ತಪ್ಪು, ಇದು ಮೊದಲ ಭೇಟಿ. ‘ನೀವು ಈಗ ಎಲ್ಲಿರುದು?’ ‘ನಿಮಗೆ ಮಕ್ಕಳು ಎಷ್ಟು?’ ಎಂದು ಹೆಣ್ಣು ನೋಡಲು ಬಂದವರಂತೆ ಕೇಳಿಕೊಂಡೆವು. ಮೊದಲ ಬೆಂಚಿನವಳು ನನ್ನನ್ನು ನೋಡಿ, ‘ನಿಮ್ಮ ಅಕ್ಷರ ಈಗಾದ್ರೂ ಸುಧಾರಿಸಿದ್ಯಾ?’ ಎಂದಳು. ಕಂಠದಲ್ಲಿ ಅಕ್ಕೋರು ಇದ್ದರು. ಕಂಪ್ಯೂಟರಿನಲ್ಲಿ ಬರೆಯುತ್ತೇನೆ ಎಂದು ತಪ್ಪಿಸಿಕೊಂಡೆ.

ಗಂಜಿ ಬಂತು. ಕುಚಲಕ್ಕಿಯದ್ದು, ಹಬೆಯಾಡುತ್ತಿತ್ತು. ಜೊತೆಗೆ ಮಾವಿನ ಮಿಡಿ, ಸುಟ್ಟ ಒಣಬಂಗಡೆ, ಒಣಶೆಟ್ಲಿಯ ಚಟ್ನಿ. ಬೇಡದವರಿಗೆ ಹಪ್ಪಳ, ತೆಂಗಿನಕಾಯಿ ಚಟ್ನಿ, ಒಂದು ತಂಬುಳಿ. ಪಕ್ಕದ ಬುಟ್ಟಿಯಲ್ಲಿ ಹಲಸಿನ ಎಲೆಗಳನ್ನು ರಾಶಿ ಹಾಕಿದ್ದರು. ಎಲೆಯನ್ನು ಕೊಟ್ಟೆಯಾಗಿ ಮಡಚಿ ಕಡ್ಡಿ ಚುಚ್ಚಿದರೆ ಅದೇ ಚಮಚ. ಊರಲ್ಲಿರುವವರು ಸ್ಟೀಲ್ ಚಮಚ ಕೇಳಿದರು. ಮಡಚಲು ಕೂತವರೆಲ್ಲ ಊರು ಬಿಟ್ಟವರು. ಮೂವತ್ತು ವರ್ಷ ದುಬೈಯಲ್ಲಿದ್ದವನು ನೋಡನೋಡುತ್ತಿದ್ದಂತೆ ಎಂಟು ಚಮಚ ಮಾಡಿ ಎಲ್ಲರಿಗೂ ಹಂಚಿದ. ಬಾಂಬೆಯವನದ್ದು ಸೋರಿತು. ಬಟ್ಟಲನ್ನೇ ಎತ್ತಿ ಸುರಿದುಕೊಂಡ. ಆ ಸದ್ದಿಗೆ ಎಲ್ಲರ ‘ನೀವು’ ಹೋಗಿ ‘ನೀನು’ ಬಂತು. ಗಂಜಿ ಸುರಿಯುವವನನ್ನು ಬಹುವಚನದಲ್ಲಿ ಕರೆಯಲು ಕನ್ನಡದಲ್ಲಿ ಅವಕಾಶವಿಲ್ಲ.

ಆಮೇಲೆ ನೆನಪುಗಳ ಸರದಿ. ಯಕ್ಷಗಾನದ ಡೇರೆ ಆಟದ ಮರುದಿನ ಇಡೀ ತರಗತಿ ತೂಕಡಿಸುತ್ತಿದ್ದದ್ದು ಮೊದಲು ಬಂತು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ರಾತ್ರಿ ನೋಡಿ ಬಂದವನೊಬ್ಬ ಮಧ್ಯಾಹ್ನದ ಬಿಡುವಿನಲ್ಲಿ ಮೇಜು ಹತ್ತಿ ಕುಣಿದಿದ್ದ. ಕಡೆಯ ಹೆಜ್ಜೆಗೆ ಕೈಯನ್ನು ತಲೆಯ ಮೇಲಿಡಬೇಕು ಎನ್ನುವಷ್ಟರಲ್ಲಿ ಮಾಸ್ತರ್ರು ಬಂದು ತಾವೇ ಇಟ್ಟಿದ್ದರು, ಸ್ವಲ್ಪ ಜೋರಾಗಿ. ಆ ಭಸ್ಮಾಸುರ ಈಗ ತಾಲೂಕು ಕಚೇರಿಯಿಂದ ನಿವೃತ್ತಿಯ ಅಂಚಿನಲ್ಲಿದ್ದಾನೆ. ಮೊಣಕಾಲು ನೋವು. ಆದರೂ ಕೂತಲ್ಲೇ ಹುಬ್ಬು ಕುಣಿಸಿದ.

ಅಷ್ಟರಲ್ಲಿ ಯಾರೋ ಗೇರುಬೀಜದ ಪ್ರಕರಣ ತೆಗೆದರು. ನನ್ನ ಕೈಯಲ್ಲಿದ್ದ ಹಲಸಿನೆಲೆ ಅಲ್ಲಿಯೇ ನಿಂತಿತು.

ಪ್ರಕರಣ ಹೀಗೆ. ಹೈಸ್ಕೂಲಿನ ಹಿಂದಿನ ಗುಡ್ಡದಲ್ಲಿ ಯಾರದ್ದೋ ಗುತ್ತಿಗೆಯ ಗೇರುಮರಗಳಿದ್ದವು. ಮಾರ್ಚ್ ತಿಂಗಳ ಒಂದು ದಿನ ಅಲ್ಲಿಂದ ಬೀಜ ಕಳುವಾಯಿತು. ಗುತ್ತಿಗೆಯವರು ಬಂದು ಗಲಾಟೆ ಮಾಡಿದರು, ಚೀಲಗಳ ತಪಾಸಣೆಯಾಯಿತು, ಅಂಗಡಿಯವನ ಚೀಲದಲ್ಲಿ ಬೀಜ ಸಿಕ್ಕಿತು. ಹೆಡ್‌ಮಾಸ್ತರ್ರು ಅವನ ಅಂಗೈಗೆ ಹನ್ನೆರಡು ಏಟು ಕೊಟ್ಟರು. ಅಂದು ಕದ್ದವರು ಯಾರು ಎಂದು ಕೇಳಿದಾಗ ಒಂದು ನರಪಿಳ್ಳೆಯೂ ಏಳಲಿಲ್ಲ. ಇಂದು ಕೇಳುವ ಮೊದಲೇ ಎದ್ದರು. ‘ಮರ ಹತ್ತಿದವ ನಾನು’ ಎಂದ ಭಸ್ಮಾಸುರ. ‘ಹತ್ತಿದ್ದು ನೀನಲ್ಲ, ನಾನು, ಗಾಯ ಇನ್ನೂ ಇದೆ’ ಎಂದು ದುಬೈಯವನು ಪ್ಯಾಂಟು ಮಡಚಿದ. ಬಾಂಬೆಯವನು ಯೋಜನೆ ತನ್ನದೆಂದ. ನಾಲ್ಕನೆಯವನೊಬ್ಬ ಆ ವರ್ಷ ನಮ್ಮ ಶಾಲೆಯಲ್ಲೇ ಇರಲಿಲ್ಲ, ಆದರೂ ತಾನು ಕೆಳಗೆ ಚೀಲ ಹಿಡಿದಿದ್ದೆ ಎಂದು ಆಣೆ ಹಾಕಿದ. ಶಿಕ್ಷೆಯ ಅವಧಿ ಮುಗಿದ ಮೇಲೆ ಕಳ್ಳತನಕ್ಕೆ ಎಷ್ಟು ವಾರಸುದಾರರು!

ನಿಜ ಹೇಳಬೇಕೆಂದರೆ ಕದ್ದವನು ನಾನು. ಒಬ್ಬನೇ. ಗುತ್ತಿಗೆಯವರು ಬರುವುದು ಕಂಡು ಕಿಸೆಯ ಬೀಜಗಳನ್ನೆಲ್ಲ ಪಕ್ಕದವನ ಚೀಲಕ್ಕೆ ತುಂಬಿದವನೂ ನಾನೇ. ನಲವತ್ತು ವರ್ಷ ಈ ಗೇರುಬೀಜ ನನ್ನ ಗಂಟಲಿನಲ್ಲಿತ್ತು. ಗೋಡಂಬಿ ಹಾಕಿದ ಪಾಯಸ ಕಂಡರೆ ನನಗೆ ಹನ್ನೆರಡು ಏಟು ಕೇಳಿಸುತ್ತಿತ್ತು. ಬೆಂಗಳೂರಿನಿಂದ ಇಷ್ಟು ದೂರ ನಾನು ಬಂದದ್ದರ ಹಿಂದೆ ಈ ಲೆಕ್ಕ ಚುಕ್ತಾ ಮಾಡುವ ಆಸೆಯೂ ಇತ್ತು. ಎದ್ದು ನಿಂತು, ದನಿ ತಗ್ಗಿಸಿ, ‘ಅದು ನಾನು’ ಎಂದೆ.

‘ಇವ ಐದನೆಯವ’ ಎಂದಳು ಮೊದಲ ಬೆಂಚಿನವಳು. ಎಲ್ಲರೂ ನಕ್ಕರು. ಯಾರೂ ನಂಬಲಿಲ್ಲ. ಕ್ಯೂನಲ್ಲಿ ತಡವಾಗಿ ನಿಂತವನಿಗೆ ಪಶ್ಚಾತ್ತಾಪವೂ ಸಿಗುವುದಿಲ್ಲ.

ಊಟವಾದ ಮೇಲೆ ಅಂಗಡಿಯವನನ್ನು ಬಾವಿಕಟ್ಟೆಯ ಹತ್ತಿರ ಹಿಡಿದೆ. ಎಲ್ಲ ಬಿಡಿಸಿ ಹೇಳಿದೆ. ಅವನು ಕೈ ತೊಳೆಯುತ್ತ ಕೇಳಿಸಿಕೊಂಡ.

‘ಹೌದನಾ? ನಂಗೆ ನೆನಪಿಲ್ಲ ಮಾರಾಯ’ ಎಂದ. ‘ಮಾಸ್ತರ್ರು ಹೊಡೆದದ್ದು ಒಂದಾ, ಎರಡಾ? ಯಾವುದು ಯಾತಕ್ಕೆ ಅಂತ ಲೆಕ್ಕ ಇಡೂಕೆ ಆಗ್ತದ್ಯಾ?’

‘ಹನ್ನೆರಡು ಏಟು’ ಎಂದೆ, ಬೇಡಿಕೊಳ್ಳುವವನಂತೆ.

‘ಇದ್ದೀತು. ಆದ್ರೆ ನೀ ನಂಗೆ ನಾಲ್ಕಾಣೆ ಕೊಡುದು ಬಾಕಿ ಇದ್ದು.’

ನನಗೆ ತಲೆಬುಡ ಹತ್ತಲಿಲ್ಲ. ಮುರ್ಡೇಶ್ವರದ ತೇರಿನಲ್ಲಿ ನನಗೆ ಅವನು ಐಸ್‌ಕ್ಯಾಂಡಿ ಕೊಡಿಸಿದ್ದನಂತೆ, ಕೆಂಪು ಬಣ್ಣದ್ದು. ನಾಳೆ ಕೊಡುತ್ತೇನೆ ಎಂದಿದ್ದೆನಂತೆ. ದುಡ್ಡು ಅಂಗಡಿಯ ಗಲ್ಲಾದಿಂದ ಎತ್ತಿದ್ದು. ರಾತ್ರಿ ತಂದೆ ಲೆಕ್ಕ ಕೂಡಿಸುವಾಗ ನಾಲ್ಕಾಣೆ ಕಡಿಮೆ ಬಂತು. ‘ಮಾಸ್ತರ್ರ ಪೆಟ್ಟು ಮರ್ತೋಯ್ತು. ಅಪ್ಪನ ಪೆಟ್ಟು ಮರೆಯುದಿಲ್ಲ. ಅದು ನಿನ್ನ ಸಲುವಾಗಿ ತಿಂದದ್ದು.’

ನಾನು ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ. ಇಷ್ಟು ವರ್ಷ ನಾನು ಹೊತ್ತ ಅಪರಾಧದಲ್ಲಿ ಪೆಟ್ಟು ತಿಂದವನು ಸರಿ, ಪ್ರಕರಣ ಮಾತ್ರ ಬೇರೆ. ನನ್ನ ಪುಸ್ತಕದಲ್ಲಿದ್ದ ಸಾಲ ಅವನ ಪುಸ್ತಕದಲ್ಲಿಲ್ಲ. ಅವನ ಪುಸ್ತಕದಲ್ಲಿದ್ದದ್ದು ನನ್ನದರಲ್ಲಿಲ್ಲ. ಒಂದೇ ಬೆಂಚಿನಲ್ಲಿ ಕೂತು ಇಬ್ಬರೂ ಬೇರೆ ಬೇರೆ ಹೈಸ್ಕೂಲು ಓದಿ ಬಂದಿದ್ದೆವು. ಕೆಂಪು ಐಸ್‌ಕ್ಯಾಂಡಿಯನ್ನು ನೆನಪಿಗೆ ತರಲು ಎಷ್ಟು ತಿಣುಕಿದರೂ ನಾಲಗೆಗೆ ಬಣ್ಣ ಹತ್ತಲಿಲ್ಲ.

ಕಿಸೆಗೆ ಕೈ ಹಾಕಿ ಹೇಳಿದೆ: ‘ಈಗಲೇ ಕೊಡ್ತೆ. ಆದ್ರೆ 2011ರ ಜೂನ್ 30ರಿಂದ ನಾಲ್ಕಾಣೆಗೆ ಚಲಾವಣೆಯೇ ಇಲ್ಲ. ಸಾಲ ರದ್ದಾದಂತೆ ಅಲ್ದಾ?’

‘ಸರಕಾರ ರದ್ದು ಮಾಡಿದ್ದು ನಾಣ್ಯ. ಬಾಕಿ ಅಲ್ಲ’ ಎಂದ ಅಂಗಡಿಯವನು. ಕಾನೂನು ಓದದಿದ್ದರೂ ಗಲ್ಲಾದ ಮೇಲೆ ಕೂತು ಕೂತು ಬಂದ ಜ್ಞಾನ.

‘ಹಾಗಾದ್ರೆ ಮುಂದಿನ ಸಲ ಕೊಡ್ತೆ. ಬಾಕಿ ಇದ್ರೆ ಮತ್ತೆ ಬರ್ಬೇಕಾಗ್ತದೆ’ ಎಂದೆ. ಈ ಮಾತು ನನಗೇ ಬಹಳ ಚೆನ್ನಾಗಿ ಕೇಳಿಸಿತು.

ಅವನಿಗೆ ಕೇಳಿಸಲಿಲ್ಲ. ‘ಬಾಕಿ ಇಟ್ಟವ ಅಂಗಡಿ ಎದುರು ಹಾಯುದೇ ಇಲ್ಲ, ನಲವತ್ತು ವರ್ಷ ನೋಡಿದ್ದೆ. ಕೊಟ್ಟೇ ಹೋಗು.’

ಅಂಗಳದಿಂದ ಅಂಗಡಿಗೆ ನಡೆದೆವು. ಒಂದು ರೂಪಾಯಿಯ ನಾಣ್ಯ ಕೊಟ್ಟೆ. ಅವನು ಅದನ್ನು ಗಲ್ಲಾಕ್ಕೆ ಹಾಕಿ, ಭರಣಿಯ ಮುಚ್ಚಳ ತೆಗೆದು, ಎಣಿಸಿ ಮೂರು ಪೆಪ್ಪರಮೆಂಟು ನನ್ನ ಅಂಗೈಗೆ ಇಟ್ಟ.

‘ಚಿಲ್ಲರೆ ಇಲ್ಲ’ ಎಂದ.

‘ಒಂದಕ್ಕೇ ಒಂದು ರೂಪಾಯಿ ಅಲ್ದಾ ಈಗ?’

‘ಹಳೆ ಬಾಕಿಗೆ ಹಳೆ ದರ’ ಎಂದು ಭರಣಿ ಮುಚ್ಚಿದ.

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಬಾಂಬೆಯವನಿಗೊಂದು ಕೊಟ್ಟೆ. ಎಲ್ಲಿಯದು ಎಂದು ಕೇಳಿದ. ಅಂಗಡಿಯಿಂದ ಕದ್ದದ್ದು ಎಂದೆ. ತಕ್ಷಣ ನಂಬಿದ.