ಎಣ್ಣೆಯೊಳಗಿನ ಸಾರಜನಕವನ್ನು ಎಬ್ಬಿಸಿ ಕಳಿಸುವ ಕೈಪಿಡಿ

ಈ ರಿಯಾಕ್ಟರನ್ನು ಕೊಂಡಿದ್ದಕ್ಕೆ ಅಭಿನಂದನೆ. ಗೋಡೆಯ ಉಕ್ಕೇ ಅಂಗೈ ಅಗಲಕ್ಕೂ ದಪ್ಪ. ಬಾಲ್ಕನಿಯಲ್ಲಿ ಇಡುವ ಯೋಚನೆಯಿದ್ದರೆ ಬಿಡಿ.

ಬೇಕಾಗುವ ಸಾಮಾನು: ಕಚ್ಚಾ ತೈಲದ ಭಾರದ ಭಾಗ, ಕೈಬಿಚ್ಚಿ ಸುರಿಯುವಷ್ಟು ಜಲಜನಕ, ಅಲ್ಯುಮಿನಾಗೆ ನಿಕ್ಕಲ್ ಮತ್ತು ಮಾಲಿಬ್ಡಿನಂ ಹತ್ತಿಸಿದ ಕ್ಯಾಟಲಿಸ್ಟ್. ಇದು ನೋಡಲು ಒಣಗಿಸಿ ಮುರಿದ ಶಾವಿಗೆಯ ಹಾಗೆ. ಮಾಡುವುದೂ ಹೆಚ್ಚುಕಡಿಮೆ ಹಾಗೆಯೇ, ಹಿಟ್ಟು ನಾದಿ ಒತ್ತಿ. ಮಕ್ಕಳ ಕೈಗೆ ಸಿಗದಂತೆ ಇಡಿ.

ಮೊದಲು ಕ್ಯಾಟಲಿಸ್ಟಿಗೆ ಗಂಧಕ ಉಣಿಸಿ. ಗಂಧಕ ತೆಗೆಯುವ ಕೆಲಸವೂ ಅದರದ್ದೇ ಅಲ್ಲವೇ ಎನ್ನುತ್ತೀರಿ. ನಿಜ. ಆದರೆ ಸಲ್ಫೈಡ್ ಆಗುವ ತನಕ ಅದು ಮೈಮುರಿದು ದುಡಿಯುವುದಿಲ್ಲ. ಉಣಿಸುವ ದ್ರವದ ಹೆಸರು ಡೈಮೀಥೈಲ್ ಡೈಸಲ್ಫೈಡ್. ಕೊಳೆತ ಬೆಳ್ಳುಳ್ಳಿಯ ನಾತ. ಅಕ್ಕಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ.

ಈಗ ಎಣ್ಣೆ ಮತ್ತು ಜಲಜನಕವನ್ನು 350 ಡಿಗ್ರಿ ದಾಟಿಸಿ, ಒತ್ತಡವನ್ನು 100 ಬಾರ್ ಸುಮಾರಿಗೆ ಏರಿಸಿ. ಪಂಕ್ಚರ್ ಅಂಗಡಿಯಲ್ಲಿ ಕಾರಿನ ಚಕ್ರಕ್ಕೆ ತುಂಬುವುದರ ನಲವತ್ತು ಪಟ್ಟಿಗೂ ಹೆಚ್ಚು.

ಇಲ್ಲಿಂದ ತಾಳ್ಮೆ ಬೇಕು. ಗಂಧಕ ಬಹುಮಟ್ಟಿಗೆ ಬಾಗಿಲಲ್ಲೇ ಮಾತು ಮುಗಿಸಿ ಹೊರಡುವ ನೆಂಟ. ಕ್ವಿನೋಲಿನ್, ಕಾರ್ಬಜೋಲ್ ಎಂಬ ಅಣುಗಳ ಉಂಗುರದೊಳಗೆ ಕೂತ ಸಾರಜನಕ ಹಾಗಲ್ಲ. ಮೊದಲು ಇಡೀ ಉಂಗುರಕ್ಕೆ ಜಲಜನಕ ಬಡಿಸಬೇಕು. ಹೊಟ್ಟೆ ತುಂಬಿದ ಮೇಲೆಯೇ ಇಂಗಾಲದ ಕೈ ಸಡಿಲಿಸಿ, ಅಮೋನಿಯಾ ಆಗಿ ಎದ್ದು ಹೋಗುತ್ತದೆ. ಬೇಗ ಕಳಿಸೋಣವೆಂದು ಶಾಖ ಹೆಚ್ಚಿಸಿದರೆ ಒಂದು ಹಂತ ದಾಟಿದ ಮೇಲೆ ಉಂಗುರ ಬಡಿಸಿದ್ದನ್ನೇ ವಾಪಸು ಕೊಡುತ್ತದೆ.

ಇಷ್ಟು ಉಪಚಾರವೇಕೆ? ಬಿಎಸ್ 6 ಡೀಸೆಲ್‌ನಲ್ಲಿ ಗಂಧಕ ದಶಲಕ್ಷದಲ್ಲಿ 10 ಭಾಗ ಮೀರಕೂಡದು. ಸಾರಜನಕಕ್ಕೆ ಅಂಥ ಮಿತಿಯಿಲ್ಲ, ತೆಗೆದವರನ್ನು ಹೊಗಳುವವರೂ ಇಲ್ಲ. ಆದರೆ ಅದು ಕ್ಯಾಟಲಿಸ್ಟಿನ ಮೇಲೆ ಜಾಗ ಹಿಡಿದು ಕೂತರೆ ಗಂಧಕ ತೆಗೆಯುವ ಕೆಲಸವೂ ಕುಂಟುತ್ತದೆ. ಮುಂದೆ ಎಣ್ಣೆಯ ಅಣು ಒಡೆಯುವ ಹೈಡ್ರೋಕ್ರ್ಯಾಕರಿನ ಆಮ್ಲೀಯ ಕ್ಯಾಟಲಿಸ್ಟ್ ಅಂತೂ ಕ್ಷಾರಗುಣದ ಈ ನೆಂಟನ ಕೈಯಲ್ಲಿ ಸತ್ತಂತೆಯೇ. ನನ್ನ ಲೆಕ್ಕದಲ್ಲಿ ರಿಫೈನರಿಯ ಅತ್ಯಂತ ಉಪಕಾರಿ ಕೆಲಸ ಇದು, ಹೆಸರು ಮಾತ್ರ ಬಾರದ್ದು.

ಮಂಗಳೂರಿಗೆ ಹೋದರೆ ಒಂದು ತಮಾಷೆ ಕಾಣುತ್ತದೆ. ಪಣಂಬೂರಿನ ಗೊಬ್ಬರ ಕಾರ್ಖಾನೆ ಗಾಳಿಯ ಸಾರಜನಕಕ್ಕೆ ಜಲಜನಕ ಸೇರಿಸಿ ಅಮೋನಿಯಾ ಮಾಡಲು ಹೆಣಗುತ್ತದೆ. ಅಲ್ಲೇ ಸುರತ್ಕಲ್ ಕಡೆಯ ಎಂಆರ್‌ಪಿಎಲ್ ರಿಫೈನರಿಯ ಹೈಡ್ರೋಕ್ರ್ಯಾಕರುಗಳಲ್ಲಿ ಎಣ್ಣೆಯಿಂದ ಅದೇ ಅಮೋನಿಯಾ ಬೇಡದ ಪದಾರ್ಥವಾಗಿ ಹೊರಬೀಳುತ್ತದೆ.

ಎಚ್ಚರಿಕೆ: ಹೊರಬಂದ ಅಮೋನಿಯಾ ಗಂಧಕದ ಅನಿಲದ ಜೊತೆ ಕೂಡಿ, ತಣ್ಣಗಾಗುವಾಗ ಉಪ್ಪುಗಟ್ಟಿ ಕೂಲರಿನ ಕೊಳವೆ ಕಟ್ಟುತ್ತದೆ. ಅದಕ್ಕೂ ಮುಂಚೆ ನೀರು ಚಿಮ್ಮಿಸಿ ತೊಳೆಯಿರಿ. ವರ್ಷಗಳ ಮೇಲೆ ದಣಿದ ಕ್ಯಾಟಲಿಸ್ಟನ್ನು ಹೊರತೆಗೆಯುವಾಗ ಗಾಳಿ ಸೋಕಿದರೆ ತಾನೇ ಹೊತ್ತಿಕೊಳ್ಳಬಹುದು. ಹಾಗಾಗಿ ರಿಯಾಕ್ಟರಿನ ತುಂಬ ಬೇರೊಂದು ಅನಿಲ ತುಂಬಿಸಿಕೊಂಡು, ಇಳಿಯುವವರಿಗೆ ಉಸಿರಾಟದ ಮುಖವಾಡ ತೊಡಿಸಿಯೇ ಕೆಲಸಕ್ಕೆ ಬಿಡುತ್ತಾರೆ.

ಆ ಅನಿಲ ಸಾರಜನಕ.