ಸೆಲ್ಫ್-ಮೀಮಾಂಸೆ ಅಥವಾ ತಿರುಗಿಯೂ ಹೊತ್ತದ ಎಂಜಿನ್ನಿನ ವಿಚಾರ

ಎಂಜಿನ್ನನ್ನು ಮೊದಲ ಕೆಲವು ಸುತ್ತು ತಾನೇ ಸುತ್ತಿಸಿಕೊಡುವ ವಿದ್ಯುತ್ ಮೋಟರಿಗೆ ಕನ್ನಡ ನಾಡಿನ ಗ್ಯಾರೇಜುಗಳಲ್ಲಿ ‘ಸೆಲ್ಫ್’ ಎಂಬ ಹೆಸರು ರೂಢಿಯಲ್ಲಿದೆ. ‘ಸೆಲ್ಫ್ ಹೊಡೀತದೆ, ಗಾಡಿ ಸ್ಟಾರ್ಟ್ ಆಗಲ್ಲ’ ಎಂಬ ಮೆಕ್ಯಾನಿಕ್ ವಾಕ್ಯವು ಆತ್ಮವು ಚಲಿಸುತ್ತಿದ್ದರೂ ದೇಹವು ಏಳದಿರುವ ಸ್ಥಿತಿಯನ್ನು ಪ್ರತಿಪಾದಿಸುವುದರಿಂದ, ಆತ್ಮವನ್ನು ಅಚಲವೆಂದು ನಂಬಿದ ವೇದಾಂತಿಗಳು ಈ ವಿಷಯದಲ್ಲಿ ಮೌನ ವಹಿಸಿದ್ದಾರೆ. ಆದಕಾರಣ ಪ್ರಕರಣವನ್ನು ತರ್ಕಶಾಸ್ತ್ರ ಬಲ್ಲ ನೈಯಾಯಿಕರಿಗೆ ಒಪ್ಪಿಸುವುದೇ ಉಚಿತ.

ಪರೀಕ್ಷೆಗೆ ಆಯ್ದುಕೊಂಡ ದೃಷ್ಟಾಂತವು ಜಪಾನಿನ ಹಿರೋಶಿಮಾ ಪ್ರಾಂತದ ಮಜ್ದಾ ಸಂಸ್ಥೆಯಿಂದ 2003ರಿಂದ 2012ರವರೆಗೆ ಹೊರಬಂದ ಆರ್‌ಎಕ್ಸ್-8 ಎಂಬ ಕಾರು. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಕಲ್ಪಿಸಿದ ರೋಟರಿ ಎಂಜಿನ್ನು ಇದರಲ್ಲಿದ್ದು, ಮೇಲೆ ಕೆಳಗೆ ಆಡುವ ಪಿಸ್ಟನ್ನಿಗೆ ಬದಲಾಗಿ ರೋಟರ್ ಎಂಬ ಮುಮ್ಮೂಲೆಯ ತುಂಡು ಕೋಣೆಯೊಳಗೆ ಹೊರಳಾಡುತ್ತದೆ. 654 ಸಿಸಿಯ ಇಂಥ ಎರಡು ಕೋಣೆಗಳಿಂದಲೇ ನಿಮಿಷಕ್ಕೆ 9000 ಸುತ್ತಿನವರೆಗೆ ಏರುವ ಈ ಮಹಾವೀರನು, ತಣ್ಣಗಿರುವಾಗ ಹೊತ್ತಿಸಿ, ಪಕ್ಕದ ಮನೆಯವರ ಕಾರಿಗೆ ದಾರಿಬಿಡಲು ಹತ್ತಡಿ ಸರಿಸಿ, ಕೂಡಲೇ ಆರಿಸಿದ್ದಾದರೆ ಮತ್ತೆ ಏಳಲು ಒಪ್ಪದಿರಬಹುದು.

ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬುದು ನ್ಯಾಯಶಾಸ್ತ್ರದ ಪ್ರವೇಶಗ್ರಂಥ ‘ತರ್ಕಸಂಗ್ರಹ’ ಓದುವ ಬಾಲಕರಿಗೂ ತಿಳಿದ ಅನುಮಾನವಷ್ಟೆ. ಅದೇ ಧೈರ್ಯದಿಂದ ಮಾಲೀಕನು ‘ಪೆಟ್ರೋಲ್ ವಾಸನೆ ಘಮ್ಮೆನ್ನುತ್ತಿದೆ, ಆದ್ದರಿಂದ ಬೆಂಕಿ ಹತ್ತಿಯೇ ಹತ್ತುತ್ತದೆ’ ಎಂದು ಸಾಧಿಸಹೊರಡುತ್ತಾನೆ. ಆದರೆ ಹೇಳಿದ ಕಾರಣವೇ ಹೇಳಬೇಕಾದುದರ ವಿರುದ್ಧವನ್ನು ಸಾಧಿಸುವ ಈ ದೋಷಕ್ಕೆ ಶಾಸ್ತ್ರದಲ್ಲಿ ವಿರುದ್ಧ ಹೇತ್ವಾಭಾಸವೆಂದು ಹೆಸರು. ಏಕೆಂದರೆ ತಣ್ಣನೆಯ ಎಂಜಿನ್ನಿಗೆ ಹೆಚ್ಚಾಗಿ ಉಣಿಸಿದ ಪೆಟ್ರೋಲು ಉರಿದು ಮುಗಿಯುವ ಮೊದಲೇ ಎಂಜಿನ್ನು ಆರಿಸಿದ್ದರಿಂದ, ಉಳಿದದ್ದು ಕಿಡಿ ಹಾರಿಸುವ ಪ್ಲಗ್ಗುಗಳನ್ನು ತೋಯಿಸಿ, ರೋಟರಿನ ಮೂಲೆಗಳಲ್ಲಿ ಗಾಳಿ ಸೋರದಂತೆ ಕಾಯುವ ಸೀಲುಗಳ ಎಣ್ಣೆಪಸೆಯನ್ನೂ ತೊಳೆದಿರುತ್ತದೆ. ಪಸೆ ಹೋದ ಸೀಲು ಒತ್ತಡ ಹಿಡಿಯದು, ಒತ್ತಡವಿಲ್ಲದೆ ಸ್ಫೋಟವಿಲ್ಲ. ಗ್ಯಾರೇಜಿನವರು ಇದನ್ನು ‘ಓವರ್‌ಫ್ಲೋ’ ಎಂಬ ಒಂದೇ ಪದದಲ್ಲಿ ಮುಗಿಸುವುದು ಅವರ ಪಾಂಡಿತ್ಯದ ಕೊರತೆಯನ್ನಷ್ಟೇ ತೋರಿಸುತ್ತದೆ. ಇಷ್ಟಾದ ಮೇಲೂ ಸೆಲ್ಫ್ ಹೊಡೆಯುತ್ತಲೇ ಹೋಗುವುದು ಉರಿಯದ ಒಲೆಗೆ ತುಪ್ಪ ಸುರಿದಂತೆ.

ದೋಷ ಪೆಟ್ರೋಲಿನದಲ್ಲದೆ ಕಿಡಿಯದಾದರೆ, ನೈಯಾಯಿಕರ ಲೆಕ್ಕದಲ್ಲಿ ಕಿಡಿಯ ಅಭಾವವು ನಾಲ್ಕು ಬಗೆ. ಕೀಲಿ ತಿರುಗಿಸುವ ಮೊದಲಿನದು ಪ್ರಾಗಭಾವ. ಪ್ಲಗ್ಗಿಗೆ ವಿದ್ಯುತ್ ಉಣಿಸುತ್ತ ನಿನ್ನೆಯವರೆಗೆ ಕಿಡಿ ಕೊಟ್ಟು ಇಂದು ಸತ್ತ ಕಾಯಿಲ್‌ನದು ಪ್ರಧ್ವಂಸಾಭಾವ. ಫ್ಯೂಸನ್ನೇ ಹಾಕಿರದ ಜಾಗದಲ್ಲಿರುವುದು ಅತ್ಯಂತಾಭಾವ. ಪ್ಲಗ್ಗು ಕಾಯಿಲ್ ಅಲ್ಲ, ಕಾಯಿಲ್ ಪ್ಲಗ್ಗಲ್ಲ ಎಂಬುದು ಅನ್ಯೋನ್ಯಾಭಾವವಾಗಿದ್ದು, ಬಿಲ್ಲಿನಲ್ಲಿ ಎರಡೂ ಬೇರೆ ಬೇರೆ ಸಾಲಿನಲ್ಲಿ ಬರುವುದೇ ಇದಕ್ಕೆ ಪ್ರಬಲ ಪ್ರಮಾಣ.

ಮತ್ತೆ ಪೆಟ್ರೋಲು ತುಂಬಿದ ದೋಷಕ್ಕೆ ಬಂದರೆ, ಅದರ ಪರಿಹಾರದಲ್ಲಿ ಒಂದು ಸ್ವಾರಸ್ಯವಿದೆ. ಆಕ್ಸಿಲರೇಟರ್ ಒತ್ತಿದರೆ ಪೆಟ್ರೋಲ್ ಹೆಚ್ಚುತ್ತದೆಂಬುದು ಸಾಮಾನ್ಯ ವಿಧಿ. ಆದರೆ ಅದನ್ನು ತಳ ಮುಟ್ಟುವಂತೆ ತುಳಿದು ಸೆಲ್ಫ್ ಹೊಡೆದರೆ ಎಂಜಿನ್ನಿನ ಗಣಕವು ಪೆಟ್ರೋಲನ್ನೇ ನಿಲ್ಲಿಸಿ ಬರಿಯ ಗಾಳಿಯನ್ನು ಒಳಗೆ ಬಿಡುತ್ತದೆಂಬುದು ವಿಶೇಷ ವಿಧಿ, ಮತ್ತು ಮೀಮಾಂಸಕರ ಮತದಂತೆ ವಿಶೇಷವು ಸಾಮಾನ್ಯವನ್ನು ಬಾಧಿಸುತ್ತದೆ. ಸೆಲ್ಫ್ ಕಾದು ಸುಡದಂತೆ ನಡುನಡುವೆ ಬಿಡುವು ಕೊಡಬೇಕು. ಅದಕ್ಕೂ ಬಗ್ಗದಿದ್ದರೆ ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ ಒಣಗಿಸಿ, ಕೋಣೆಗಳಿಗೆ ತುಸು ಎಣ್ಣೆ ಬಿಟ್ಟು ಮತ್ತೆ ಯತ್ನಿಸಬೇಕು. ಆಗ ಎಂಜಿನ್ನು ಹೊತ್ತಿದ ಕ್ಷಣವೇ ಬೀದಿ ತುಂಬ ಹೊಗೆ ಕವಿಯುವುದರಿಂದ, ಹೊಗೆಯಿಂದ ಬೆಂಕಿಯನ್ನು ಊಹಿಸುವ ನೈಯಾಯಿಕರ ಮರ್ಯಾದೆ ಉಳಿಯುತ್ತದೆ. ಸೀಲುಗಳೇ ಸವೆದಿದ್ದರೆ ಎಂಜಿನ್ನನ್ನು ಬಿಚ್ಚಿಸುವುದೊಂದೇ ದಾರಿ. ಶಾಸ್ತ್ರ ಅಲ್ಲಿ ಕೈಕಟ್ಟಿ ನಿಲ್ಲುತ್ತದೆ.

ಈ ವಾದವೆಲ್ಲ ಮುಗಿಯುವ ಹೊತ್ತಿಗೆ ಬ್ಯಾಟರಿ ಇಳಿದು ಹೋಗಿದ್ದರೆ, ಅಂಥ ಕಾರು ತಿರುಗುವುದೂ ಇಲ್ಲವಾದ್ದರಿಂದ, ‘ತಿರುಗಿಯೂ ಹೊತ್ತದ’ ಎಂಬ ಲಕ್ಷಣಕ್ಕೆ ಒಳಪಡದೆ ಪ್ರಸ್ತುತ ಪ್ರಬಂಧದ ವ್ಯಾಪ್ತಿಯಿಂದ ಹೊರಗುಳಿಯುತ್ತದೆ.